ಚಿತ್ರಕ್ಕೆ ಅಂಕ ಹಾಕೋದು ಹೇಗೆ? – ನಾಲ್ಕು ಆಟಗಳು

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ನಾನು ಚಿತ್ರಕಲೆಯ ಬಗ್ಗೆ ಬರೆಯುತ್ತಿದ್ದೇನೆ. ಪೂರ್ತಿ ಓದಿ.

ಡ್ರಾಯಿಂಗ್ ಪೀರಿಯಡ್‌ನಲ್ಲಿ "ನಿಮಗಿಷ್ಟವಾದ ಚಿತ್ರ ಬಿಡಿಸಿ" ಅಂದರೆ ನಾವೆಲ್ಲ ಏನು ಬಿಡಿಸ್ತೀವಿ? ಸೀನರಿ! ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ದಡದಲ್ಲಿ ಒಂದು ಮನೆ, ಪಕ್ಕಕ್ಕೆ ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ನಮ್ಮೂರಲ್ಲಿ ಬೆಟ್ಟವೂ ಇಲ್ಲ, ನದಿಯೂ ಇಲ್ಲ. ಆದರೂ ಎಲ್ಲರ ಪುಸ್ತಕದಲ್ಲೂ ಅದೇ. ಯಾರು ಸ್ಕೇಲಿಟ್ಟು ಗೆರೆ ಎಳೆದು, ಗೆರೆ ದಾಟದ ಹಾಗೆ ಬಣ್ಣ ತುಂಬುತ್ತಾರೋ ಅವರಿಗೆ ಹತ್ತಕ್ಕೆ ಒಂಬತ್ತು. ಬಣ್ಣದ ಡಬ್ಬಿ ಇಲ್ಲದವರಿಗೆ ಐದು. ಈ ಅಂಕದಿಂದ ಯಾರ ಕೈ ನೀಟು, ಯಾರ ಮನೆಯಲ್ಲಿ ಬಣ್ಣ ಕೊಡಿಸ್ತಾರೆ ಅನ್ನೋದು ಗೊತ್ತಾಗುತ್ತೆ. ಯಾರು ಹೊಸದಾಗಿ ಯೋಚಿಸಿದರು ಅನ್ನೋದು ಗೊತ್ತಾಗಲ್ಲ. ಹೀಗೆ ಹೊಸದಾಗಿ ಯೋಚಿಸಿ ಮಾಡುವ ಶಕ್ತಿಗೇ ಸೃಜನಶೀಲತೆ ಎಂದು ಹೆಸರು.

ನನಗೆ ಗೊತ್ತಿರುವ ಒಬ್ಬ ಹುಡುಗಿ ನಾಲ್ಕನೇ ತರಗತಿಯಲ್ಲಿ ಹಸುವಿಗೆ ನೀಲಿ ಬಣ್ಣ ಹಚ್ಚಿದ್ದಳು. ಮಳೆಯಲ್ಲಿ ನೆನೆದು ಕತ್ತಲಾಗುವಾಗ ಮನೆಗೆ ಬರುವ ಹಸು ಅವಳಿಗೆ ಹಾಗೇ ಕಂಡಿತ್ತಂತೆ. "ನೀಲಿ ಹಸು ಯಾವ ಊರಲ್ಲಿದೆ?" ಅಂತ ನಕ್ಕುಬಿಟ್ಟರು. ಆವತ್ತಿನಿಂದ ಅವಳು ಸೀನರಿ ಬಿಟ್ಟು ಬೇರೇನೂ ಬಿಡಿಸಿಲ್ಲ. ಆದ್ದರಿಂದ ಅಂಕ ಹಾಕುವ ರೀತಿ ಸಣ್ಣ ವಿಷಯ ಅಲ್ಲ.

ಹಾಗಾದರೆ ಸೃಜನಶೀಲತೆಯನ್ನು ಅಳೆಯೋದು ಹೇಗೆ? ಅಮೆರಿಕದ ಇ. ಪಾಲ್ ಟೊರೆನ್ಸ್ ಎಂಬ ಮನೋವಿಜ್ಞಾನಿ ಇದಕ್ಕೆಂದೇ ಕೆಲವು ಪರೀಕ್ಷೆಗಳನ್ನು ಮಾಡಿ 1966ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದೇ ಸರಿ ಉತ್ತರ ಎಂಬುದು ಇಲ್ಲ. ಅವರು ಮುಖ್ಯವಾಗಿ ನಾಲ್ಕು ಸಂಗತಿ ನೋಡಿದರು. ಮಗುವಿಗೆ ಎಷ್ಟು ಯೋಚನೆ ಬಂತು? ಎಷ್ಟು ಬಗೆಯ ಯೋಚನೆ ಬಂತು? ಬೇರೆಯವರಿಗೆ ಹೊಳೆಯದ್ದು ಹೊಳೆಯಿತೇ? ಅದನ್ನು ಎಷ್ಟು ವಿವರವಾಗಿ ಬೆಳೆಸಿತು? ನೀಟು ಎಂಬುದು ಈ ಪಟ್ಟಿಯಲ್ಲೇ ಇಲ್ಲ ನೋಡಿ! ಆ ಪರೀಕ್ಷೆಗೆ ದೊಡ್ಡ ದೊಡ್ಡ ನಿಯಮಗಳಿವೆ. ಆದರೆ ಅದರ ಉಪಾಯವನ್ನು ನಾವು ಆಟ ಮಾಡಿಕೊಳ್ಳಬಹುದು.

ಆಟ 1: ವೃತ್ತದ ಆಟ
ಸ್ಲೇಟಿನ ಮೇಲೋ ಹಾಳೆಯ ಮೇಲೋ ಬಳೆ ಇಟ್ಟು ಹನ್ನೆರಡು ವೃತ್ತ ಬರೆಯಿರಿ. ಐದು ನಿಮಿಷದಲ್ಲಿ ಒಂದೊಂದು ವೃತ್ತವನ್ನೂ ಒಂದೊಂದು ವಸ್ತುವಾಗಿ ಮಾಡಬೇಕು. ಒಬ್ಬ ಹತ್ತು ವೃತ್ತ ತುಂಬಿಸಿದ, ಆದರೆ ಹತ್ತೂ ಹಣ್ಣುಗಳು. ಅವನಿಗೆ ಎಣಿಕೆ ಹತ್ತು, ಬಗೆ ಒಂದೇ. ಇನ್ನೊಬ್ಬಳು ಐದೇ ತುಂಬಿಸಿದಳು. ರೊಟ್ಟಿ, ಗಾಡಿ ಚಕ್ರ, ಚಂದ್ರ, ಅಜ್ಜಿಯ ಹಣೆಯ ಕುಂಕುಮ, ಮತ್ತೆ ಮೇಲಿನಿಂದ ಬಗ್ಗಿ ನೋಡಿದ ಬಾವಿ, ಒಳಗೊಂದು ಕಪ್ಪೆ. ಅವಳಿಗೆ ಎಣಿಕೆ ಐದು, ಬಗೆಯೂ ಐದು.

ಹೊಸತನ ಲೆಕ್ಕ ಹಾಕೋದು ಸುಲಭ. ತರಗತಿಯಲ್ಲಿ 20 ಮಕ್ಕಳಿದ್ದು 15 ಜನ ಸೂರ್ಯ ಬಿಡಿಸಿದ್ದರೆ ಸೂರ್ಯನಿಗೆ ಸೊನ್ನೆ. ಇಬ್ಬರೋ ಮೂವರೋ ಬಿಡಿಸಿದ್ದಕ್ಕೆ ಒಂದು ಅಂಕ. ಒಬ್ಬರೇ ಬಿಡಿಸಿದ್ದರೆ ಎರಡು. ಬಾವಿಗೆ ಎರಡು ಅಂಕ ಸಿಗುತ್ತೆ. ಒಳಗೆ ಕಪ್ಪೆ, ಹಗ್ಗ, ಕೊಡ ಬಿಡಿಸಿದ್ದರೆ ವಿವರಕ್ಕೆ ಇನ್ನೊಂದು. ಎರಡು ವೃತ್ತ ಸೇರಿಸಿ ಸೈಕಲ್ಲೋ ಕನ್ನಡಕವೋ ಮಾಡಿದರೂ ತಪ್ಪಿಲ್ಲ. ಬೇಡ ಅಂತ ಯಾರೂ ಹೇಳಿಲ್ವಲ್ಲ!

ಆಟ 2: ಅರ್ಧ ಗೆರೆ
ಟೀಚರ್ ಬೋರ್ಡಿನ ಮೇಲೆ ಒಂದು ಡೊಂಕು ಗೆರೆ ಮಾತ್ರ ಎಳೆಯುತ್ತಾರೆ. ಎಲ್ಲರೂ ಅದನ್ನು ತಮ್ಮ ಹಾಳೆಗೆ ಇಳಿಸಿಕೊಂಡು ಚಿತ್ರ ಪೂರ್ತಿ ಮಾಡಬೇಕು. ಹಾಳೆಯನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಕೊನೆಗೆ ಚಿತ್ರಕ್ಕೊಂದು ಹೆಸರಿಡಬೇಕು. "ಹಾವು" ಅಂತ ಬರೆಯೋದಕ್ಕೂ "ಮೊಟ್ಟೆ ನುಂಗಿ ನಿದ್ದೆ ಬಂದ ಹಾವು" ಅಂತ ಬರೆಯೋದಕ್ಕೂ ವ್ಯತ್ಯಾಸ ಇದೆ ಅಲ್ವಾ? ಹೆಸರಿಗೂ ಅಂಕ ಉಂಟು.

ಆಟ 3: ಚುಕ್ಕಿ ಒಂದೇ, ರಂಗೋಲಿ ಬೇರೆ
ಐದು ಸಾಲು, ಸಾಲಿಗೆ ಐದು ಚುಕ್ಕಿ. ಅಂಗಳದ ಮಣ್ಣಿನಲ್ಲೇ ಇಡಬಹುದು, ಖರ್ಚಿಲ್ಲ. ಒಬ್ಬರದ್ದನ್ನು ಒಬ್ಬರು ನೋಡದೆ ಚುಕ್ಕಿ ಸೇರಿಸಬೇಕು. ಗೊತ್ತಿರುವ ರಂಗೋಲಿ ಹಾಕಿದರೆ ಕೈಚಳಕಕ್ಕೆ ಶಭಾಷ್ ಅನ್ನೋಣ. ಆದರೆ ಅಂಕ ಹೊಸ ದಾರಿ ಹುಡುಕಿದವರಿಗೆ. ಹುಡುಗರು "ಇದು ನಮ್ಮ ಕೆಲಸ ಅಲ್ಲ" ಅನ್ನೋ ಹಾಗಿಲ್ಲ.

ಆಟ 4: ಚಿತ್ರಸಂತೆ
ಎಲ್ಲರ ಚಿತ್ರಗಳನ್ನೂ ದಾರಕ್ಕೆ ನೇತುಹಾಕಿ. ಹೆಸರು ಹಾಳೆಯ ಹಿಂದೆ ಇರಲಿ. ಪ್ರತಿಯೊಬ್ಬರಿಗೂ ಮೂರು ಹುಣಸೆ ಬೀಜ. ಮೆಚ್ಚಿದ ಚಿತ್ರದ ಕೆಳಗೆ ಬೀಜ ಇಟ್ಟು ಕಾರಣ ಹೇಳಬೇಕು. "ಚೆನ್ನಾಗಿದೆ" ಎಂಬ ಮಾತು ಸಂತೆಯಲ್ಲಿ ಚಲಾವಣೆ ಇಲ್ಲ. "ಮರದ ಬೇರನ್ನೂ ಬಿಡಿಸಿದ್ದಾನೆ, ಅದಕ್ಕೆ" ಎಂದರೆ ನಡೆಯುತ್ತೆ. ಇದರಲ್ಲಿ ಬಿಡಿಸಿದವರ ಜೊತೆಗೆ ನೋಡುವವರ ಕಣ್ಣಿಗೂ ಪರೀಕ್ಷೆ.

ಇನ್ನು ಕೆಲವು ಎಚ್ಚರಿಕೆಗಳು. ಐದು ನಿಮಿಷದಲ್ಲಿ ಕೆಲವರಿಗೆ ಹೊಳೆಯುತ್ತೆ, ಕೆಲವರಿಗೆ ರಾತ್ರಿ ಮಲಗಿದ ಮೇಲೆ ಹೊಳೆಯುತ್ತೆ. ಹಾಗಾಗಿ ಒಂದು ದಿನದ ಅಂಕ ಆ ದಿನದ್ದು ಮಾತ್ರ. ಇದರಿಂದ ಫಸ್ಟು, ಸೆಕೆಂಡು ರ್‍ಯಾಂಕ್ ಮಾಡಬಾರದು. ಅಂಕಕ್ಕಿಂತ ಮೊದಲು "ಇದೇನು, ಯಾಕೆ ಹೀಗೆ?" ಎಂದು ಬಿಡಿಸಿದವರನ್ನೇ ಕೇಳಬೇಕು. ಕೇಳಿದ್ದರೆ ನೀಲಿ ಹಸುವಿನ ಕಥೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಶಿಕ್ಷಣ ಹಕ್ಕು ಕಾಯ್ದೆ (2009) ಏಪ್ರಿಲ್ 1, 2010ರಿಂದ ಜಾರಿಗೆ ಬಂತು. ಮಕ್ಕಳನ್ನು ನಿರಂತರವಾಗಿ, ವ್ಯಾಪಕವಾಗಿ ಮೌಲ್ಯಮಾಪನ ಮಾಡಬೇಕು ಎಂದು ಅದು ಹೇಳುತ್ತದೆ. ಅದಕ್ಕೇ ನಮ್ಮ ಕೃತಿ ಸಂಪುಟ ಇರೋದು. ಗುರುಗಳಲ್ಲಿ ನನ್ನದೊಂದು ವಿನಂತಿ. ನೀಟಾದ ಚಿತ್ರಗಳ ಜೊತೆಗೆ ಈ ಆಟದ ಹಾಳೆಗಳನ್ನೂ ತಾರೀಖು ಹಾಕಿ ಅದರಲ್ಲಿ ಇಡೋಣ. ಜೂನ್ ತಿಂಗಳ ಹಾಳೆಯನ್ನು ಮಾರ್ಚ್ ತಿಂಗಳ ಹಾಳೆಯ ಪಕ್ಕ ಇಟ್ಟು ನೋಡಿದರೆ ನಮ್ಮನ್ನು ನಮ್ಮ ಜೊತೆಗೇ ಹೋಲಿಸಿದ ಹಾಗಾಗುತ್ತೆ.

ಕೆಳಗೆ ಹನ್ನೆರಡು ವೃತ್ತ ಬರೆದಿದ್ದೇನೆ. ಪೆನ್ಸಿಲನ್ನು ದಾರದಲ್ಲಿ ಕಟ್ಟಿದ್ದೇನೆ. ಒಬ್ಬರಿಗೆ ಒಂದೇ ವೃತ್ತ. ಮೇಷ್ಟ್ರುಗಳೂ ತುಂಬಿಸಬಹುದು. ಸೂರ್ಯ ಮಾತ್ರ ಬೇಡ!

○ ○ ○ ○ ○ ○
○ ○ ○ ○ ○ ○

– ಏಳನೇ ತರಗತಿ