ಹೃದಯದ ಕವಾಟದಲ್ಲಿ ಕರುಳಿನ ಸುಳಿವು

ದೊಡ್ಡಕರುಳಿನ ಕ್ಯಾನ್ಸರ್ ಇದ್ದವರಿಗೆ ಎದೆನೋವೋ ದಮ್ಮೋ ಬಿಡದ ಜ್ವರವೋ ಬಂದರೆ ಅದನ್ನು ಬೇರೆಯೇ ಕಾಯಿಲೆಯೆಂದು ಎಣಿಸುವುದು ರೂಢಿ. ಹೊಟ್ಟೆಯ ಚಿಕಿತ್ಸೆ ಒಬ್ಬ ವೈದ್ಯರಲ್ಲಿ, ಎದೆಯದು ಇನ್ನೊಬ್ಬರಲ್ಲಿ. ದೇಹಕ್ಕೆ ಈ ಪಾಲುಪಟ್ಟಿ ಗೊತ್ತಿಲ್ಲ. ಕರುಳಿನಿಂದ ಹೊರಟ ರಕ್ತ ಯಕೃತ್ತನ್ನು ಹಾದು ಹೃದಯಕ್ಕೇ ಬರುತ್ತದೆ, ಅಲ್ಲಿಂದ ಪುಪ್ಪುಸಕ್ಕೆ ಹೋಗುತ್ತದೆ. ಹಾಗಾಗಿ ಎದೆಯ ಕೆಲವು ತೊಂದರೆಗಳನ್ನು ಕರುಳಿನ ಕಾಯಿಲೆಯದೇ ಇನ್ನೊಂದು ಮುಖವೆಂದು ಓದಬೇಕು. ಕೆಲವೊಮ್ಮೆ ಕ್ಯಾನ್ಸರ್ ಪತ್ತೆಯಾಗುವ ಮೊದಲೇ ಹೃದಯ ಅದರ ಸುದ್ದಿ ಕೊಡುತ್ತದೆ.

ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ ಎಂಬ ಬ್ಯಾಕ್ಟೀರಿಯ ಇದಕ್ಕೆ ಒಳ್ಳೆಯ ಸಾಕ್ಷಿ. ದನಗಳ ಹೊಟ್ಟೆಯಲ್ಲಿ, ಕೆಲವು ಮನುಷ್ಯರ ಕರುಳಲ್ಲಿ ಅದು ಸದ್ದಿಲ್ಲದೆ ಬದುಕಿರುತ್ತದೆ. ಕರುಳಲ್ಲಿ ಗಡ್ಡೆ ಬೆಳೆದು ಒಳಪೊರೆ ಹರಿದಾಗ ಅಡಿಯಲ್ಲಿರುವ ಕೊಲಾಜೆನ್ ಎಂಬ ನಾರು ಬಯಲಾಗುತ್ತದೆ. ಈ ಜೀವಿಯ ಮೈಮೇಲಿನ ಸೂಕ್ಷ್ಮ ಎಳೆಗಳು ಆ ನಾರಿಗೆ ಬಿಗಿಯಾಗಿ ಅಂಟಿಕೊಳ್ಳಬಲ್ಲವು. ಅಲ್ಲಿಂದ ರಕ್ತಕ್ಕೆ ನುಸುಳಿದ ಬ್ಯಾಕ್ಟೀರಿಯಕ್ಕೆ ಹೃದಯದಲ್ಲಿ ಹಾಳಾದ ಕವಾಟ ಸಿಕ್ಕರೆ ಅಲ್ಲಿಯೂ ನೆಲೆಯೂರುತ್ತದೆ. ಎಂಡೋಕಾರ್ಡೈಟಿಸ್ ಎಂದು ಕರೆಯುವ ಈ ಸೋಂಕಿನಲ್ಲಿ ಕವಾಟ ತೂತು ಬೀಳಬಹುದು. ಅದರ ಮೇಲೆ ಬೆಳೆದ ಗಂಟಿನ ಚೂರು ಮಿದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು. ಕರುಳಿನ ಕ್ಯಾನ್ಸರ್ ಮತ್ತು ಕವಾಟದ ಸೋಂಕು ಒಟ್ಟಿಗೆ ಇದ್ದ ರೋಗಿಯ ವರದಿ 1951ರಲ್ಲೇ ಬಂದಿತ್ತು. 1977ರಲ್ಲಿ ಅಮೆರಿಕದ ವೈದ್ಯ ಕ್ಲೈನ್ ಮತ್ತು ಸಂಗಡಿಗರು ಮಲ ಪರೀಕ್ಷೆ ಮಾಡಿದಾಗ, ಕರುಳಿನ ಕ್ಯಾನ್ಸರ್ ಇದ್ದ 63 ಜನರಲ್ಲಿ 35 ಮಂದಿಯಲ್ಲಿ ಈ ಗುಂಪಿನ ಬ್ಯಾಕ್ಟೀರಿಯ ಸಿಕ್ಕಿತು. ಹೋಲಿಕೆಗೆ ತೆಗೆದುಕೊಂಡ 105 ಜನರಲ್ಲಿ 11 ಮಂದಿಯಲ್ಲಿ ಮಾತ್ರ.

ಬ್ಯಾಕ್ಟೀರಿಯವೇ ಕ್ಯಾನ್ಸರ್ ತಂದಿತೋ, ಕ್ಯಾನ್ಸರೇ ಅದಕ್ಕೆ ಜಾಗ ಮಾಡಿಕೊಟ್ಟಿತೋ ಎಂದು ಕೇಳಬಹುದು. ವಿಜ್ಞಾನಿಗಳಲ್ಲಿ ಆ ಚರ್ಚೆ ಮುಗಿದಿಲ್ಲ, ಎರಡಕ್ಕೂ ಪುರಾವೆಗಳಿವೆ. ಆದರೆ ಸುಳಿವಿನ ಬೆಲೆ ಅದರಿಂದ ಕಡಿಮೆಯಾಗದು. ಇಂಥ ಕವಾಟದ ಸೋಂಕು ಕಂಡವರಿಗೆ ದೊಡ್ಡಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೋಪಿ ಮಾಡಿಸಬೇಕೆಂದು ಹೃದಯತಜ್ಞರು ಹೇಳುವುದು ಇದೇ ಕಾರಣಕ್ಕೆ. ವಯಸ್ಸಾದವರಿಗೆ ಹೃದಯದ ತೊಂದರೆ ಹೇಗೂ ಬರುತ್ತದೆ, ಎಲ್ಲವನ್ನೂ ಕ್ಯಾನ್ಸರಿಗೆ ಏಕೆ ಕಟ್ಟಬೇಕು ಎಂಬ ಆಕ್ಷೇಪವೂ ಇದೆ. ಕಾಕತಾಳೀಯಗಳಿರುತ್ತವೆ, ನಿಜ. ಆದರೂ ಕ್ಯಾನ್ಸರ್ ಇದ್ದವರ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಸಂಭವ ಇತರರಿಗಿಂತ ಸುಮಾರು 4ರಿಂದ 7 ಪಟ್ಟು ಹೆಚ್ಚು. ಕಾಲಿನ ಹೆಪ್ಪು ಕಿತ್ತು ಪುಪ್ಪುಸದ ನಾಳ ಮುಚ್ಚಿದರೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ. ಫ್ರಾನ್ಸಿನ ವೈದ್ಯ ಟ್ರೂಸೋ 1865ರಲ್ಲೇ ಕ್ಯಾನ್ಸರಿಗೂ ಹೆಪ್ಪಿಗೂ ಇರುವ ನಂಟನ್ನು ವಿವರಿಸಿದ್ದರು.

ಚಿಕಿತ್ಸೆಯೂ ಒಮ್ಮೊಮ್ಮೆ ಹೃದಯವನ್ನು ಮುಟ್ಟುತ್ತದೆ. ಫ್ಲೂರೋಯುರಾಸಿಲ್ ಕರುಳಿನ ಕ್ಯಾನ್ಸರಿಗೆ ದಶಕಗಳಿಂದ ಬಳಕೆಯಲ್ಲಿರುವ ಔಷಧ. ಕೆಪೆಸಿಟಬೀನ್ ಗುಳಿಗೆ ದೇಹದೊಳಗೆ ಅದೇ ಔಷಧವಾಗಿ ಬದಲಾಗುತ್ತದೆ. ಕೆಲವರಲ್ಲಿ ಅದು ಹೃದಯದ ರಕ್ತನಾಳವನ್ನು ಹಿಂಡುತ್ತದೆ. ಆಗ ಇಸಿಜಿಯಲ್ಲಿ ಹೃದಯಾಘಾತದ ಗುರುತು ಕಂಡರೂ ಆಂಜಿಯೋಗ್ರಾಮಿನಲ್ಲಿ ಅಡಚಣೆ ಸಿಗದಿರಬಹುದು. ಸಾಮಾನ್ಯವಾಗಿ ಮೊದಲ ಸುತ್ತಿನ ಮೊದಲ ಕೆಲವು ದಿನಗಳಲ್ಲೇ ಹೀಗಾಗುತ್ತದೆ. ಇದನ್ನು ಹೇಳಿದರೆ ಜನ ಹೆದರಿ ಚಿಕಿತ್ಸೆಯನ್ನೇ ಬಿಟ್ಟಾರು ಎಂಬ ಅಳುಕು ಬೇಡ. ಹೆಚ್ಚಿನವರಿಗೆ ಈ ತೊಂದರೆ ಬರುವುದಿಲ್ಲ, ಬಂದವರಿಗೆ ಬೇರೆ ಔಷಧದ ದಾರಿಯಿದೆ. ಅಪಾಯವಿರುವುದು ಎದೆನೋವನ್ನು ಗ್ಯಾಸ್ ಎಂದುಕೊಂಡು ಮುಂದಿನ ಗುಳಿಗೆ ನುಂಗುವುದರಲ್ಲಿ.

ಬಾಗಲಕೋಟೆ ಜಿಲ್ಲೆಯ ಕಮತಗಿ, ಇಳಕಲ್, ಹುನಗುಂದದಂಥ ಊರುಗಳಿಗೆ ಈ ತಿಳಿವಳಿಕೆ ಹೆಚ್ಚು ಬೇಕು. ಚಿಕ್ಕಂದಿನ ಕೀಲುವಾತದ ಜ್ವರದಿಂದ ಕವಾಟ ಕೆಟ್ಟವರು ನಮ್ಮ ದೇಶದಲ್ಲಿ ಇನ್ನೂ ಬಹಳ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ, ಸುಸ್ತಾದರೆ ನಿಶ್ಶಕ್ತಿ ಎಂದು ಸಲಾಯಿನ್ ಹಾಕಿಸಿಕೊಂಡು ಸುಮ್ಮನಾಗುವುದುಂಟು. ವಾರಗಟ್ಟಲೆ ಬಿಡದ ಜ್ವರಕ್ಕೂ ಪರೀಕ್ಷೆಗೆ ಮೊದಲೇ ಆಂಟಿಬಯೋಟಿಕ್ ಸೂಜಿ ಬಿದ್ದರೆ ಆಮೇಲೆ ರಕ್ತ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯ ಬೆಳೆಯದೆ ಹೋಗಬಹುದು, ಸುಳಿವು ಅಳಿಸಿಹೋಗಬಹುದು. ಕವಾಟದ ತೊಂದರೆ ಇದ್ದವರು ಬಿಡದ ಜ್ವರ ಬಂದಾಗ ಆಂಟಿಬಯೋಟಿಕ್ಕಿಗೆ ಮೊದಲು ಬಾಗಲಕೋಟೆಗೆ ಹೋಗಿ ರಕ್ತದ ಕಲ್ಚರ್ ಪರೀಕ್ಷೆಯ ಬಗ್ಗೆ ಕೇಳಲಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಎದೆನೋವು, ದಮ್ಮು, ಒಂದೇ ಕಾಲಿನ ಬಾವು ಕಂಡ ದಿನವೇ ಆಸ್ಪತ್ರೆಗೆ ಹೋಗಲಿ. ಹೃದಯದ ವೈದ್ಯರ ಮುಂದೆ ಕ್ಯಾನ್ಸರಿನ ಫೈಲನ್ನೂ ಇಡಲಿ.