ಬೇಲಿಯಾಚೆಯ ಗುಡ್ಲು ಬಯಲಿಗೆ ಬಂದಾಗ

ಸುಗ್ಗಿ ಮುಗಿದು ಕಣದ ಕೆಲಸ ತೀರಿತೆಂದರೆ ಚಿತ್ರದುರ್ಗ ಸೀಮೆಯ ಹಳ್ಳಿಗಳಿಗೆ ನಾಟಕದ ಗೀಳು ಹತ್ತುತ್ತದೆ. ಟೀ ಅಂಗಡಿಯ ಬಾಗಿಲು, ಹಾಲಿನ ಡೇರಿಯ ಗೋಡೆ, ಬಸ್ ಸ್ಟ್ಯಾಂಡಿನ ಕಂಬ, ಎಲ್ಲೆಲ್ಲೂ ಹಳದಿ, ಗುಲಾಬಿ ಕಾಗದದ ಕರಪತ್ರ. ‘ಕುರುಕ್ಷೇತ್ರ’ವೋ ‘ರಕ್ತರಾತ್ರಿ’ಯೋ ಇರಬೇಕು. ದುರ್ಯೋಧನ ಊರ ಗೌಡರ ಮಗ, ಭೀಮ ಟ್ರ್ಯಾಕ್ಟರ್ ಓಡಿಸುವವನು, ಶಕುನಿಗೆ ಹಗಲು ಹೊತ್ತು ರೇಷನ್ ಅಂಗಡಿ. ದ್ರೌಪದಿ, ಉತ್ತರೆಯರು ಮಾತ್ರ ಊರಿನವರಲ್ಲ. ಸೀನರಿ, ಹಾರ್ಮೋನಿಯಂ, ಲೈಟ್ ಸೆಟ್ಟಿನ ಜತೆಗೆ ಅವರನ್ನೂ ಮುಂಗಡ ಕೊಟ್ಟು ಹೊರಗಿನಿಂದ ಕರೆಸುವುದೇ ವಾಡಿಕೆ. ಊರ ಹೆಣ್ಣುಮಕ್ಕಳು ಚಾಪೆ ಹಾಸಿ, ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು, ಬೆಳಗಿನ ಜಾವದವರೆಗೂ ನೋಡುತ್ತಾರೆ. ವಸ್ತ್ರಾಪಹರಣಕ್ಕೆ ಮೊದಲು ಕಣ್ಣೊರೆಸಿಕೊಳ್ಳುವವರು ಅವರೇ. ಸ್ಟೇಜು ಹತ್ತುವುದು ಮಾತ್ರ ಅವರ ಪಾಲಿಗೆ ಬಂದಿಲ್ಲ.

ಇಂಥ ಸೀಮೆಯ ಕಾಲೇಜು ಹುಡುಗಿಯರು ನಾಟಕ ಕಟ್ಟುತ್ತಾರೆ, ಅದೂ ಹೆಣ್ಣಿನ ಪಾಡಿನ ಬಗ್ಗೆಯೇ ಕಟ್ಟುತ್ತಾರೆ ಎಂದರೆ ಅದನ್ನು ಹೋಗಿ ನೋಡಬೇಕು. ಕ್ಲಾಸು ಬಿಟ್ಟ ಮೇಲೆ ಕಾಲೇಜಿನ ಹಿಂದಿನ ಬಯಲಲ್ಲಿ ತಾಲೀಮು ಶುರು. ಒಬ್ಬ ಹುಡುಗ ಹಳೇ ಪೇಪರ್ ಉರಿಸಿ ತಮಟೆ ಕಾಯಿಸುತ್ತಿರುತ್ತಾನೆ. ಹುಡುಗಿಯರು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ವೃತ್ತವಾಗಿ ನಿಲ್ಲುತ್ತಾರೆ. ಒಬ್ಬಳ ಕಣ್ಣು ಡೈಲಾಗಿನ ಮೇಲಿದ್ದರೆ ಇನ್ನೊಬ್ಬಳದು ಮೊಬೈಲಿನ ಗಡಿಯಾರದ ಮೇಲೆ. ಊರಿನ ಬಸ್ಸು ತಪ್ಪಿದರೆ ಮನೆಯಲ್ಲಿ ಬೇರೆಯೇ ನಾಟಕ. ಇವತ್ತು ‘ಸ್ಪೆಷಲ್ ಕ್ಲಾಸು’ ಎಂದು ಹೇಳಿ ಬಂದವರೂ ಇರುತ್ತಾರೆ.

ವಸ್ತುವಿಗಾಗಿ ದೂರ ಹುಡುಕಬೇಕಿಲ್ಲ. ಬಾಲ್ಯವಿವಾಹವಿದೆ, ವರದಕ್ಷಿಣೆಯಿದೆ, ಗಂಡನ ಕುಡಿತವಿದೆ. ಆದರೆ ಈ ಜಿಲ್ಲೆಯಲ್ಲಿ ಕೈಯಿಟ್ಟರೆ ಸುಡುವ ವಿಷಯವೆಂದರೆ ಸೂತಕ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಕಡೆ ಹೊರಟರೂ ಕಾಡುಗೊಲ್ಲರ ಹಟ್ಟಿಗಳು ಸಿಗುತ್ತವೆ. ಜುಂಜಪ್ಪನ, ಎತ್ತಪ್ಪನ ಕಥೆಯನ್ನು ಇರುಳಿಡೀ ಹಾಡಬಲ್ಲ ಜನ; ದನ ಕುರಿಗಳ ಮೇಲೆ ಪ್ರಾಣ ಇಟ್ಟವರು. ದೇವರಿಗೆ ಮೈಲಿಗೆ ತಟ್ಟೀತೆಂಬ ಭಯಕ್ಕೆ ಮುಟ್ಟಾದ ಹೆಣ್ಣು ಹಟ್ಟಿಯ ಆಚೆಗಿನ ಗುಡ್ಲಿನಲ್ಲಿ ದಿನ ಕಳೆಯುವ ಕಟ್ಟಳೆ ಅನೇಕ ಹಟ್ಟಿಗಳಲ್ಲಿ ಇತ್ತು, ಕೆಲವೆಡೆ ಇನ್ನೂ ಇದೆ. ಹೆರಿಗೆಯಾದವಳಿಗೆ, ಹಸಿಗೂಸಿಗೆ ಆ ಗಡುವು ಇನ್ನೂ ಉದ್ದ. ಮಳೆ, ಚಳಿ, ಹಾವು ಚೇಳು ಯಾವ ಕಟ್ಟಳೆಯನ್ನೂ ಕೇಳುವುದಿಲ್ಲ.

ನಾಟಕದ ನಡುಮಧ್ಯದ ದೃಶ್ಯ ಇದೇ. ಸುಣ್ಣದ ಪುಡಿಯಲ್ಲಿ ನೆಲದ ಮೇಲೊಂದು ಗೆರೆ. ಗೆರೆಯಾಚೆ ಕಂಬಳಿ ಹೊದ್ದ ಸೊಸೆ. ಅವಳ ಮುಂದೆ ಒಂದು ತಟ್ಟೆ, ಒಂದು ಲೋಟ. ಈಚೆ ಅತ್ತೆ, ಕೈಯಲ್ಲಿ ಮುದ್ದೆ. ತಂಡದಲ್ಲಿ ಹಟ್ಟಿಯ ಕಡೆಯ ಹುಡುಗಿಯೊಬ್ಬಳಿದ್ದರೆ ನಾಟಕ ಕಲಿಸುವ ಮೇಷ್ಟ್ರ ಕೆಲಸ ಅರ್ಧ ಕಡಿಮೆ.

“ಅಷ್ಟು ಹತ್ರ ಇಡಲ್ಲ ಸಾರ್, ತಟ್ಟೆ ಇನ್ನೂ ಆಚೆಗೆ ತಳ್ಳಿ. ಬಗ್ಗಿ ಬಡಿಸಂಗಿಲ್ಲ. ನಿಂತ್ಕಂಡೇ ಮೇಲಿಂದ ಹಾಕ್ತಾರೆ, ಸೋಕಬಾರ್ದು.”

“ನೀನೇ ಮಾಡಿ ತೋರ್ಸಮ್ಮ.”

ಅವಳು ಮಾಡಿ ತೋರಿಸುತ್ತಾಳೆ. ತಾಲೀಮಿಗೆ ರಾಗಿ ಯಾಕೆ ದಂಡವೆಂದು ಕಲಸಿಟ್ಟ ಮಣ್ಣಿನ ಮುದ್ದೆ ದೊಪ್ಪನೆ ತಟ್ಟೆಗೆ ಬೀಳುತ್ತದೆ. ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ. ಅಲ್ಲಿಯವರೆಗೆ ಕಿಸಿಕಿಸಿ ನಗುತ್ತಿದ್ದವರು ನಗು ನಿಲ್ಲಿಸುತ್ತಾರೆ. ಅತ್ತೆಯ ಪಾತ್ರ ಕೆಟ್ಟವಳದಲ್ಲ ಎಂಬುದೂ ಅವಳಿಂದಲೇ ಗೊತ್ತಾಗಬೇಕು. ಒಂದು ಕಾಲದಲ್ಲಿ ಅತ್ತೆಯೂ ಗೆರೆಯಾಚೆ ಕೂತವಳೇ. ಅವಳ ಕೈಯಲ್ಲಿರುವುದು ಹಟವಲ್ಲ, ಹೆದರಿಕೆ.

ದಿಟ್ಟ ನಾಟಕವೆಂದರೆ ಬೈಗುಳ ಸೇರಿಸುವುದು, ಗಂಟಲು ಹರಿಯುವಂತೆ ಕೂಗುವುದು ಎಂದುಕೊಂಡವರಿಗೆ ಈ ತಾಲೀಮು ಪಾಠ. ಗೆರೆ ಹಟ್ಟಿಯದು ಮಾತ್ರ ಎಂದು ತೋರಿಸಿ ಕೈತೊಳೆದುಕೊಂಡರೆ ಅದು ದಿಟ್ಟತನವೂ ಅಲ್ಲ. ದುರ್ಗದ ಪೇಟೆಯಲ್ಲಿ, ಮಾರ್ಬಲ್ ನೆಲದ ಮನೆಯಲ್ಲಿ, ಅಡುಗೆಮನೆಗೂ ದೇವರ ಕೋಣೆಗೂ ಆ ಮೂರು ದಿನ ಕಾಲಿಡದ ಹುಡುಗಿಯರು ಇದೇ ತಂಡದಲ್ಲಿರುತ್ತಾರೆ. ಒಳ್ಳೆಯ ನಾಟಕ ಹಟ್ಟಿಯ ಗುಡ್ಲಿನಿಂದ ಹೊರಟು ಪೇಟೆಯ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಮುಂದಿನ ಸಾಲಿನ ಅತಿಥಿಗಳು ಕುರ್ಚಿಯಲ್ಲಿ ಮಿಸುಕಾಡುವುದು ಆಗಲೇ.

ಬೀದಿ ನಾಟಕಕ್ಕೆ ಹೆಣ್ಣಿನ ಪ್ರಶ್ನೆ ಹೊಸದಲ್ಲ. ದೆಹಲಿಯ ಜನನಾಟ್ಯ ಮಂಚ್ 1979ರಲ್ಲಿ ಕಟ್ಟಿದ ‘ಔರತ್’ ದೇಶದುದ್ದಕ್ಕೂ ಬೀದಿಗಳಲ್ಲಿ ಆಡಿತು. ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ಜಾಥಾಗಳ ಮೂಲಕ ನಾಟಕವನ್ನು ಕೂಡುರಸ್ತೆಗೆ ತಂದಿತು. ತೆರೆಯಿಲ್ಲ, ಮೈಕಿಲ್ಲ, ಒಂದು ತಮಟೆ ಸಾಕು. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ ತಂಡಗಳಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ರಂಗಶಿಕ್ಷಣವನ್ನೇ ಅರಸುವವರಿಗೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಇದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಶಿವಕುಮಾರ ಕಲಾಸಂಘ, 1997ರಲ್ಲಿ ಶಿವಸಂಚಾರ ತಿರುಗಾಟ, 2008ರಲ್ಲಿ ರಂಗಶಾಲೆ ಕಟ್ಟಿದರು. ಶಿವಸಂಚಾರದ ಬೆನ್ನಿಗೆ ನಿರ್ದೇಶಕ ಸಿ.ಜಿ. ಕೃಷ್ಣಸ್ವಾಮಿ ನಿಂತಿದ್ದರು. ನವೆಂಬರ್ ಮೊದಲ ವಾರದ ನಾಟಕೋತ್ಸವಕ್ಕೆ ಹೋದರೆ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಸುತ್ತಲಿನ ಹಳ್ಳಿಗಳೇ ಬಂದು ಕೂತಿರುತ್ತವೆ. ಶಾಲು ಹೊದ್ದ ಅಜ್ಜಿಯರು, ಟವೆಲ್ ಸುತ್ತಿದ ರೈತರು, ಯೂನಿಫಾರ್ಮಿನ ಮಕ್ಕಳು. ಸೀನರಿಯ ಜತೆ ಬಾಡಿಗೆಗೆ ಬರುವ ದ್ರೌಪದಿ ಇಲ್ಲಿಲ್ಲ. ಹೆಣ್ಣಿನ ಪಾತ್ರ ಮಾಡುವುದು ರಂಗಶಾಲೆಯಲ್ಲಿ ಕಲಿತ ಹುಡುಗಿ. ಪ್ರದರ್ಶನ ಮುಗಿಸಿ ಬಣ್ಣ ಒರೆಸಿಕೊಂಡು ಬಂದು ಅವಳೂ ಊಟದ ಸಾಲಿನಲ್ಲಿ ಕೂರುತ್ತಾಳೆ. ಬಣ್ಣ ಹಚ್ಚುವುದು ಮರ್ಯಾದೆಯ ಕೆಲಸ ಎಂಬ ಭಾವನೆ ಸುತ್ತಲಿನ ಮನೆಗಳಲ್ಲಿ ಬೇರೂರಲು ಭಾಷಣಗಳಿಗಿಂತ ಇಂಥ ಊಟದ ಸಾಲುಗಳೇ ಹೆಚ್ಚು ಕೆಲಸ ಮಾಡಿವೆ.

ಕಾಲೇಜು ತಂಡದ ಪರೀಕ್ಷೆ ನಡೆಯುವುದು ಮಾತ್ರ ರಸ್ತೆಯಲ್ಲಿ. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ತಮಟೆ ಸದ್ದಿಗೆ ಮೊದಲು ಸೇರುವವರು ಗಂಡಸರೇ. ಕಡಲೆಕಾಯಿ ಬಿಡಿಸುತ್ತ, ಮೊಬೈಲ್ ಎತ್ತಿ ಹಿಡಿದು ನಿಲ್ಲುತ್ತಾರೆ. ಹೆಂಗಸರು ಹೂವಿನ ಅಂಗಡಿಯ ಹಿಂದಿನಿಂದ ಇಣುಕುತ್ತಾರೆ. ಸೊಸೆ ಗೆರೆಯಾಚೆ ಕೂತು ಮುಟ್ಟಿನ ಮಾತು ಎತ್ತಿದೊಡನೆ ಗುಂಪಿನಿಂದ ಒಂದು ಸಿಳ್ಳೆ ಬರುತ್ತದೆ. ಅದಕ್ಕೆ ಉತ್ತರ ಸ್ಕ್ರಿಪ್ಟಿನಲ್ಲಿ ಬರೆದಿರುವುದಿಲ್ಲ. ಪಳಗಿದ ಹುಡುಗಿ ಡೈಲಾಗ್ ನಿಲ್ಲಿಸಿ ಸಿಳ್ಳೆ ಬಂದ ಕಡೆಗೇ ತಿರುಗುತ್ತಾಳೆ: “ಅಣ್ಣ, ನಿಮ್ಮಮ್ಮಂಗೂ ಆಗಿತ್ತು. ಅದಕ್ಕೇ ನೀನು ಹುಟ್ಟಿದ್ದು.” ಗುಂಪು ನಗುತ್ತದೆ, ಈ ಸಲ ಅವಳ ಕಡೆಯಿಂದ. ಹೂವಿನ ಅಂಗಡಿಯ ಹಿಂದಿದ್ದವರು ಎರಡು ಹೆಜ್ಜೆ ಮುಂದೆ ಬರುತ್ತಾರೆ.

ಕಾನೂನು ಏನೂ ಸುಮ್ಮನೆ ಕೂತಿಲ್ಲ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಗೆಂದು 2017ರಲ್ಲಿ ರಾಜ್ಯ ಕಾಯ್ದೆ ಮಾಡಿತು. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಊರಾಚೆ ಇಡುವುದು ಅದರ ಪ್ರಕಾರ ಅಪರಾಧ. ಅದಕ್ಕೂ ಮೊದಲೇ ಗೊಲ್ಲರಹಟ್ಟಿಗಳ ಬಳಿ ಸರ್ಕಾರ ಮಹಿಳಾ ಭವನಗಳನ್ನು ಕಟ್ಟಿಸಿತ್ತು. ಗುಡ್ಲಿನ ಬದಲು ಸಿಮೆಂಟಿನ ಸೂರು ಸಿಕ್ಕಿತು, ನಿಜ. ಹೆಣ್ಣು ಮಾತ್ರ ಮನೆಯಾಚೆಯೇ ಉಳಿದಳು. ಆ ಭವನದ ಬಾಗಿಲನ್ನು ನಾಟಕದಲ್ಲಿ ಇಬ್ಬರು ಹುಡುಗರು ಕೈ ಚಾಚಿ ನಿಂತು ಮಾಡುತ್ತಾರೆ. ಅದರ ‘ಉದ್ಘಾಟನೆ’ಗೆ ಬರುವ ಅತಿಥಿಯ ಪಾತ್ರಕ್ಕೆ ಎಲ್ಲ ಕಡೆಯೂ ಜೋರು ಚಪ್ಪಾಳೆ.

ನವೆಂಬರ್ 11 ಬಂದರೆ ಜಿಲ್ಲೆಗೆ ಓಬವ್ವನ ನೆನಪು. 2021ರಿಂದ ಅದು ಸರ್ಕಾರಿ ಜಯಂತಿ. ಮೆರವಣಿಗೆ, ಮಾಲಾರ್ಪಣೆ, ಕೈಗೊಂದು ಒನಕೆ ಕೊಟ್ಟು ಪುಟ್ಟ ಹುಡುಗಿಯರ ವೇಷ. ಕೋಟೆಯ ಕಿಂಡಿಯಲ್ಲಿ ನುಸುಳಿದ ಹೈದರನ ಸೈನಿಕರನ್ನು ಒಬ್ಬೊಂಟಿಯಾಗಿ ತಡೆದವಳನ್ನು ಹೊಗಳುವುದು ಸುಲಭ, ಶತ್ರು ಹೊರಗಿನವನು. ಈ ಹುಡುಗಿಯರು ಎದುರಿಸುತ್ತಿರುವುದು ಅಪ್ಪ, ಅಜ್ಜಿ, ಊರಿನ ಯಜಮಾನರು ನಂಬಿಕೊಂಡು ಬಂದದ್ದನ್ನು. ಇಲ್ಲಿ ಒನಕೆ ಎತ್ತುವಂತಿಲ್ಲ, ಮನವೊಲಿಸಬೇಕು. ಇದು ಹೆಚ್ಚು ಕಷ್ಟದ ಕಾಳಗ ಎಂಬುದೇ ನನ್ನ ತೀರ್ಮಾನ.

ಆದ್ದರಿಂದ ಕಾಲೇಜುಗಳ ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ಇಂಥ ನಾಟಕ ಯುವಜನೋತ್ಸವದ ಬಹುಮಾನಕ್ಕೆ, ತ.ರಾ.ಸು. ರಂಗಮಂದಿರದ ಒಂದು ಸಂಜೆಗೆ ಮುಗಿದುಹೋಗದಿರಲಿ. ಹಟ್ಟಿಯ ಹಿರಿಯರನ್ನು ಮೊದಲೇ ಕಂಡು ಮಾತಾಡಿ, ಆಶಾ ಕಾರ್ಯಕರ್ತೆಯರನ್ನು ಜತೆಗೆ ಕರೆದುಕೊಳ್ಳಿ. ಆಟ ಮುಗಿದ ಮೇಲೆ ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಎಂದು ಹುಡುಗಿಯರ ಬಾಯಲ್ಲೇ ಹೇಳಿಸಿ. ರಾತ್ರಿ ಅವರನ್ನು ಮನೆ ಮುಟ್ಟಿಸಲು ಒಂದು ಬಸ್ಸು ಮಾಡಿಕೊಡಿ. ಉಳಿದದ್ದನ್ನು ಅವರು ಆಗಲೇ ಕಲಿತಿದ್ದಾರೆ.