ಹಿತ್ತಲ ಹೊಂಡದ ಕಪ್ಪೆ ಯಾವುದು?

ಮಳೆಗಾಲದಲ್ಲಿ ಹಿತ್ತಲ ಹೊಂಡಕ್ಕೆ ಬಂದು ಸೇರುವ ಕಪ್ಪೆಯ ಗುರುತು ಹಿಡಿಯಲು ಬಣ್ಣವನ್ನು ನಂಬುವಂತಿಲ್ಲ. ಕರಾವಳಿಯವರು ಗೋಂಕುರು ಕಪ್ಪೆ ಎನ್ನುವ ದೊಡ್ಡ ಕಪ್ಪೆಯ ಗಂಡು ಮುಂಗಾರಿನಲ್ಲಿ ಅರಿಸಿನ ಮೆತ್ತಿದ ಹಾಗೆ ಹಳದಿಯಾಗಿ, ಕೂಡುವ ಕಾಲ ಮುಗಿದೊಡನೆ ಹಸಿರುಗಂದಿಗೆ ಮರಳುತ್ತದೆ. ಒಂದೇ ಪ್ರಭೇದದಲ್ಲಿ ಬೆನ್ನ ನಡುವೆ ಗೆರೆ ಇರುವವೂ ಉಂಟು, ಇಲ್ಲದವೂ ಉಂಟು.

ನೆಚ್ಚಬೇಕಾದದ್ದು ಮೈಕಟ್ಟನ್ನು. ಚರ್ಮ ಗಂಟುಗಂಟಾಗಿ ಒರಟಾಗಿದ್ದು, ಕಣ್ಣಿನ ಹಿಂದೆ ವಿಷಗ್ರಂಥಿ ಉಬ್ಬಿದ್ದರೆ ಅದು ನೆಲಗಪ್ಪೆ. ಬೆರಳ ತುದಿಗಳು ಅಗಲವಾಗಿ ಚಪ್ಪಟೆಯಾಗಿದ್ದರೆ ಹೆಚ್ಚಾಗಿ ಮರಗಪ್ಪೆ. ನೀರಿನ ಮೇಲಕ್ಕೆ ಬಾಗಿದ ಎಲೆಗೋ ತೊಟ್ಟಿಯ ಗೋಡೆಗೋ ನೊರೆಗೂಡು ಅಂಟಿದ್ದರೆ ಆ ಊಹೆ ಗಟ್ಟಿಯಾಗುತ್ತದೆ. ಕಣ್ಣಷ್ಟೇ ಕಾಣುವಂತೆ ತೇಲಿಕೊಂಡಿದ್ದು, ಹತ್ತಿರ ಹೋದರೆ ನೀರಿನ ಮೇಲೆಯೇ ಕುಪ್ಪಳಿಸುತ್ತ ಓಡುವುದು ಯೂಫ್ಲಿಕ್ಟಿಸ್ ಕುಲದ್ದು.

ತೊಡಕಿರುವುದು ಸಣ್ಣ ಕಪ್ಪೆಗಳಲ್ಲಿ. ಗದ್ದೆಯ ಬದುಗಳಲ್ಲಿ ಕಾಣುವ ಮಿನರ್ವಾರ್ಯ ಕುಲದ ಪ್ರಭೇದಗಳನ್ನು ರೂಪದಿಂದಲೇ ಬೇರ್ಪಡಿಸಲು ತಜ್ಞರೂ ತಡವರಿಸುತ್ತಾರೆ. ಅಲ್ಲಿ ನೆರವಾಗುವುದು ಕೂಗು. ಕೂಗುವುದು ಗಂಡು, ಹೆಣ್ಣು ತನ್ನದೇ ಪ್ರಭೇದದ ದನಿಯನ್ನು ಅರಸಿ ಬರುತ್ತದೆ. ಹಾಗಾಗಿ ನೋಟಕ್ಕೆ ಒಂದೇ ಆಗಿರುವ ಎರಡು ಕಪ್ಪೆಗಳ ಕೂಗಿನಲ್ಲಿ ಸ್ಪಷ್ಟ ವ್ಯತ್ಯಾಸ ಇರುತ್ತದೆ. ದನಿಯ ಕಂಪನಾಂಕ, ಒಂದು ಕೂಗಿನೊಳಗಿನ ಬಡಿತಗಳ ಸಂಖ್ಯೆ, ಅವುಗಳ ನಡುವಿನ ಬಿಡುವು, ಇವನ್ನು ಕಂಪ್ಯೂಟರಿನಲ್ಲಿ ಅಳೆಯಬಹುದು. ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಸಿಕ್ಕ, ಎರಡು ಸೆಂಟಿಮೀಟರನ್ನೂ ಮುಟ್ಟದ ಮೈಕ್ರೊಹೈಲಾ ಲ್ಯಾಟರೈಟ್ 2016ರಲ್ಲಿ ಹೊಸ ಪ್ರಭೇದವೆಂದು ದಾಖಲಾಯಿತು. ಅದರ ಕೂಗು ಕೀಟದ್ದೋ ಎಂದು ಭ್ರಮೆ ಹುಟ್ಟಿಸುವಂಥದ್ದು.

ಕೊನೆಯ ತೀರ್ಪು ಡಿಎನ್‌ಎಯದು. 2018ರಲ್ಲಿ ಮಂಗಳೂರಿನಿಂದ ವರದಿಯಾದ ಮೈಕ್ರೊಹೈಲಾ ಕೊಡಿಯಾಲ್ ಸಿಕ್ಕಿದ್ದು ದಟ್ಟ ಕಾಡಿನಲ್ಲಲ್ಲ, ಹಿಂದೆ ಮರದ ದಿಮ್ಮಿ ಪೇರಿಸುತ್ತಿದ್ದ ಜಾಗದಲ್ಲಿ. ಅದರ ವಂಶವಾಹಿಗಳು ಆಗ್ನೇಯ ಏಷ್ಯಾದ ಕಪ್ಪೆಗಳಿಗೆ ಹತ್ತಿರವೆಂದು ತಿಳಿದದ್ದು ಈ ಪರೀಕ್ಷೆಯಿಂದಲೇ. ನಗರದ ನಡುವೆಯೂ ಹೆಸರಿಲ್ಲದ ಕಪ್ಪೆ ಇರಬಹುದೆಂಬುದಕ್ಕೆ ಇದಕ್ಕಿಂತ ಸೊಗಸಾದ ಪುರಾವೆ ಬೇಕಿಲ್ಲ.

ಆದ್ದರಿಂದ ಬೆನ್ನಿನ ಒಂದು ಫೋಟೊ ಸಾಲದು. ಪಕ್ಕೆ, ಹೊಟ್ಟೆ, ಬೆರಳ ತುದಿ, ಹಿಂಗಾಲ ಬೆರಳುಗಳ ನಡುವಿನ ಪೊರೆ ಇವೂ ಬೇಕು; ಜೊತೆಗೆ ಉದ್ದದ ಅಳತೆ, ದಿನಾಂಕ, ಸ್ಥಳ, ಸಾಧ್ಯವಾದರೆ ಅರ್ಧ ನಿಮಿಷದ ಕೂಗು. ಕಪ್ಪೆ ಚರ್ಮದ ಮೂಲಕವೂ ಉಸಿರಾಡುವುದರಿಂದ ಮುಟ್ಟಲೇಬೇಕಾದರೆ ಸೋಪು, ಸೊಳ್ಳೆ ಮುಲಾಮು ಸೋಕದ ಒದ್ದೆ ಕೈ ಇರಬೇಕು.